ಗಂಡಸಿನ ಹೆಸರಿನ ಹೆಂಗಸು

ಬಹಳ ವರ್ಷಗಳ ಹಿಂದಿನ ಮಾತು. ಚಿತ್ರ ಚೆನ್ನಾಗಿ ಬಿಡಿಸುತ್ತಿದ್ದ ಹತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಮಿಸ್, ಚಿತ್ರಕಲೆ ಓದೋದು ಬೇಡ ಅಂತಾರೆ ಅಪ್ಪ” ಎಂದು ಕಣ್ಣೊರೆಸಿಕೊಂಡಳು. “ನೋಡೋಣ ಬಿಡು” ಎಂದು ಹೇಳಿ ಕಳುಹಿಸಿಬಿಟ್ಟೆ. ಸ್ವೀಡನ್ನಿನ ಲೇಖಕಿ ವಿಕ್ಟೋರಿಯಾ ಬೆನೆಡಿಕ್ಟ್‌ಸನ್ ಅವರ ಬದುಕನ್ನು ಓದುವಾಗಲೆಲ್ಲ ನನಗೆ ಆ ಹುಡುಗಿಯ ಮುಖವೇ ನೆನಪಿಗೆ ಬರುತ್ತದೆ.

ವಿಕ್ಟೋರಿಯಾ ಹುಟ್ಟಿದ್ದು 1850ರಲ್ಲಿ, ದಕ್ಷಿಣ ಸ್ವೀಡನ್ನಿನ ಸ್ಕೋನೆ ಪ್ರಾಂತ್ಯದಲ್ಲಿ. ಚಿತ್ರಕಾರ್ತಿಯಾಗಬೇಕೆಂಬುದು ಆಕೆಯ ಹಂಬಲ. ತಂದೆ ಒಪ್ಪಲಿಲ್ಲ. 1871ರಲ್ಲಿ, ಇಪ್ಪತ್ತೊಂದರ ಆಕೆ ಹೋರ್ಬಿ ಎಂಬ ಸಣ್ಣ ಊರಿನ ಪೋಸ್ಟ್‌ಮಾಸ್ಟರನ್ನು ಮದುವೆಯಾದಳು. ಆತ ಅವಳಿಗಿಂತ ಇಪ್ಪತ್ತೆಂಟು ವರ್ಷ ದೊಡ್ಡವನು, ಐದು ಮಕ್ಕಳಿದ್ದ ವಿಧುರ. ಮುಂದೆ ಕಾಲಿನ ಕಾಯಿಲೆ ಆಕೆಯನ್ನು ತಿಂಗಳುಗಟ್ಟಲೆ ಹಾಸಿಗೆಗೆ ಕಟ್ಟಿಹಾಕಿತು. ಎದ್ದಾಗ ಕಂಕುಳಲ್ಲಿ ಊರುಗೋಲು, ಕೈಯಲ್ಲಿ ಲೇಖನಿ.

ಆಕೆ ‘ಎರ್ನ್ಸ್ಟ್ ಆಲ್‌ಗ್ರೇನ್’ ಎಂಬ ಗಂಡಸಿನ ಹೆಸರಿನಲ್ಲಿ ಬರೆದಳು. 1884ರಲ್ಲಿ ಕಥಾಸಂಕಲನ ಬಂತು. ಮರುವರ್ಷ ‘ಹಣ’ ಎಂಬ ಕಾದಂಬರಿ. ಅದರ ನಾಯಕಿಗೂ ಚಿತ್ರ ಕಲಿಯುವ ಆಸೆ. ಅವಳನ್ನೂ ಸಿರಿವಂತನೊಬ್ಬನಿಗೆ ಮದುವೆ ಮಾಡಿಕೊಡುತ್ತಾರೆ. ಆದರೆ ಆ ನಾಯಕಿ ಕೊನೆಗೆ ಗಂಡನ ಮನೆಯ ಹೊಸಿಲು ದಾಟುತ್ತಾಳೆ.

ಬರೆದವಳೂ ಹೊಸಿಲು ದಾಟಿದಳು. ಕೋಪನ್‌ಹೇಗನ್, ಪ್ಯಾರಿಸ್‌ಗಳ ಲೇಖಕರು, ಕಲಾವಿದರ ನಡುವೆ ಓಡಾಡಿದಳು. ಹೆಣ್ಣುಗಂಡು ಸರಿಸಮಾನರು, ಪ್ರೀತಿಗೆ ಕಟ್ಟುಪಾಡು ಬೇಡ ಎಂಬ ಮಾತು ಅಲ್ಲಿ ಧಾರಾಳ. ಆಗಿನ ಹೆಸರಾಂತ ಡೇನಿಷ್ ವಿಮರ್ಶಕ ಗೇಯಾರ್ಗ್ ಬ್ರಾಂಡೆಸ್ 1886ರಲ್ಲಿ ಪರಿಚಯವಾದ. ಆಕೆ ಅವನಲ್ಲಿ ಮನಸ್ಸಿಟ್ಟಳು. ಅವನಿಗೆ ಅದು ಬಿಡುವಿನ ವೇಳೆಯ ಸ್ನೇಹ. 1887ರಲ್ಲಿ ಆಕೆಯ ‘ಫ್ರೂ ಮರಿಯಾನ್ನೆ’ ಪ್ರಕಟವಾದಾಗ, ಅವನ ತಮ್ಮ ಎಡ್ವರ್ಡ್ ಪತ್ರಿಕೆಯಲ್ಲಿ ಅದನ್ನು ಹೆಂಗಸರ ಕಾದಂಬರಿಯೆಂದು ತಳ್ಳಿಹಾಕಿದ. ಯಾವ ಮಾತಿಗೆ ಹೆದರಿ ಗಂಡಸಿನ ಹೆಸರು ತೊಟ್ಟಿದ್ದಳೋ ಅದೇ ಮಾತು, ಅದೂ ಸಮಾನತೆಯ ಮಾತಾಡುವವರ ಮನೆಯಿಂದಲೇ!

1888ರ ಜುಲೈನಲ್ಲಿ, ಕೋಪನ್‌ಹೇಗನ್ನಿನ ಹೋಟೆಲಿನ ಕೋಣೆಯೊಂದರಲ್ಲಿ ಆಕೆ ತನ್ನ ಬದುಕನ್ನು ತಾನೇ ಮುಗಿಸಿಕೊಂಡಳು. ಆಗ ವಯಸ್ಸು ಮೂವತ್ತೆಂಟು. ಪ್ರೀತಿಯ ನಿರಾಶೆಯೇ ಕಾರಣ ಎಂದು ಹೇಳಿಬಿಡುವುದು ಸುಲಭ. ಕಾಯಿಲೆ, ಒಂಟಿತನ, ಬರವಣಿಗೆಗಾದ ಅವಮಾನ ಎಲ್ಲವೂ ಸೇರಿ ಭಾರವಾಗಿತ್ತೇನೋ ಎಂದು ನನಗನಿಸುತ್ತದೆ.

ಪ್ಯಾರಿಸ್ಸಿನ ಶಿಲ್ಪಿಯೊಬ್ಬನಿಗೆ ಮನಸೋತ ಹೆಣ್ಣಿನ ಬಗ್ಗೆ ಆಕೆ ಬರೆಯುತ್ತಿದ್ದ ನಾಟಕ ಅರ್ಧಕ್ಕೇ ನಿಂತಿತ್ತು. ಗೆಳೆಯ ಆಕ್ಸೆಲ್ ಲುಂಡೆಗೋರ್ಡ್ ಅದನ್ನು ಪೂರ್ತಿಗೊಳಿಸಿದ. 2007ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರಿನಲ್ಲಿ ಅದರ ಇಂಗ್ಲಿಷ್ ರೂಪ ರಂಗಕ್ಕೆ ಬಂತು. ಆಕೆಯ ದಿನಚರಿಯೂ ಅಚ್ಚಾಗಿದೆ. ಮಾತು ಉಳಿಯಿತು, ಆಡಿದವಳು ಉಳಿಯಲಿಲ್ಲ.

ಆ ಹುಡುಗಿಗೆ ಅದೇ ವರ್ಷ ಮದುವೆಯಾಯಿತು. ಅವಳ ತಂದೆಯನ್ನು ಒಮ್ಮೆಯಾದರೂ ಕಂಡು ಮಾತಾಡಬಹುದಿತ್ತು. ನಾನು ಹೋಗಲಿಲ್ಲ. ಈಗ ಯಾವ ಹುಡುಗಿ ಬಾಗಿಲಲ್ಲಿ ಬಂದು ನಿಂತರೂ “ನೋಡೋಣ ಬಿಡು” ಎನ್ನುವುದಿಲ್ಲ. “ಒಳಗೆ ಬಾ, ಕೂತ್ಕೋ” ಎನ್ನುತ್ತೇನೆ.