ಎರಡಡಿ ಟ್ಯಾಂಕು, ಒಂದಡಿ ಆಸ್ಕರ್

ಇವತ್ತಿನ ಕಥೆಗೆ ಮುಂಚೆ ನನ್ನದೊಂದು ತಪ್ಪೊಪ್ಪಿಗೆ ಇದೆ, ಅದನ್ನ ಮೊದಲು ಮುಗಿಸಿಬಿಡ್ತೀನಿ.

ಸುಮಾರು ಹತ್ತು ವರ್ಷದ ಹಿಂದೆ ಒಂದು ರಾತ್ರಿ, ಖಾಲಿ ಪೇಂಟ್ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಬೆಂಗಳೂರಿನ ಒಂದು ಕೆರೆ ಏರಿ ಮೇಲೆ ನಿಂತಿದ್ದೆ. ಬಕೆಟ್ಟಿನೊಳಗೆ ಒಂದು ಟೈಗರ್ ಆಸ್ಕರ್. ಕಪ್ಪು ಮೈ, ಮೇಲೆ ಕಿತ್ತಳೆ ಪಟ್ಟೆ, ಬಾಲದ ಬುಡದಲ್ಲಿ ಕಣ್ಣಿನಂಥ ಒಂದು ಚುಕ್ಕೆ. ತಂದಾಗ ಎರಡಿಂಚು. ಅಂಗಡಿಯವನು ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ: 'ಟ್ಯಾಂಕ್ ಎಷ್ಟಿರುತ್ತೋ ಅಷ್ಟೇ ಬೆಳೆಯುತ್ತೆ ಸರ್.' ವರ್ಷ ತುಂಬೋ ಹೊತ್ತಿಗೆ ಅದು ಹೆಚ್ಚುಕಮ್ಮಿ ಒಂದಡಿ ಆಗಿತ್ತು. ನನ್ನ ಟ್ಯಾಂಕು ಎರಡಡಿ ಉದ್ದ, ಒಂದಡಿ ಅಗಲ. ಮೀನು ತಿರುಗಬೇಕಾದ್ರೆ ಮೈ ಬಗ್ಗಿಸಬೇಕಿತ್ತು.

ಬಕೆಟ್ ಬಗ್ಗಿಸಿದೆ. ಮನೆಗೆ ಬಂದು ನಿದ್ದೆ ಮಾಡಿದೆ. ಒಳ್ಳೇ ಕೆಲಸ ಮಾಡಿದೆ, ಅದಕ್ಕೆ ಸ್ವಾತಂತ್ರ್ಯ ಸಿಕ್ತು ಅಂತಾನೇ ಅಂದುಕೊಂಡಿದ್ದೆ.

ಈಗ ಇತಿಹಾಸಕ್ಕೆ ಬರೋಣ. 1850ರ ಲಂಡನ್. ರಾಬರ್ಟ್ ವಾರಿಂಗ್ಟನ್ ಅನ್ನೋ ರಸಾಯನಶಾಸ್ತ್ರಜ್ಞ ಒಂದು ಪ್ರಯೋಗದ ವರದಿ ಪ್ರಕಟಿಸ್ತಾನೆ. ಸುಮಾರು ಹನ್ನೆರಡು ಗ್ಯಾಲನ್ ಹಿಡಿಯುವ ಗಾಜಿನ ಪಾತ್ರೆ, ಅದರಲ್ಲಿ ಎರಡು ಪುಟ್ಟ ಗೋಲ್ಡ್ ಫಿಶ್, ರಿಬ್ಬನ್ ಥರ ಎಲೆ ಬಿಡುವ ಒಂದು ನೀರಗಿಡ. ಗಿಡ ಆಮ್ಲಜನಕ ಕೊಡುತ್ತೆ, ಮೀನು ಉಸಿರಾಡುತ್ತೆ, ನೀರು ಬದಲಿಸೋದೇ ಬೇಡ ಅನ್ನೋದು ಅವನ ಲೆಕ್ಕ. ಆದ್ರೆ ಗಿಡದ ಎಲೆ ಕೊಳೆತು ನೀರು ಕೆಟ್ಟಿತು. ಆಗ ಅವನು ಬಸವನಹುಳು ತಂದು ಬಿಟ್ಟ. ಅವು ಕೊಳೆತ ಎಲೆ ತಿಂದವು, ಅವುಗಳ ಮೊಟ್ಟೆಯನ್ನ ಮೀನು ತಿಂದವು. ನೀರು ಮತ್ತೆ ತಿಳಿಯಾಯ್ತು. ಮೂರು ವರ್ಷದಲ್ಲಿ, 1853ರಲ್ಲಿ, ಲಂಡನ್ ಮೃಗಾಲಯ ಸಾರ್ವಜನಿಕರಿಗೆ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ 'ದಿ ಅಕ್ವೇರಿಯಂ' ಅನ್ನೋ ಪುಸ್ತಕ ಬರೆದ, ಆ ಪದ ಮನೆಮಾತಾಯ್ತು.

ಇಲ್ಲಿ ಒಂದು ನಿಮಿಷ ನಿಲ್ಲಿ. ಬ್ರಿಟಿಷ್ ಲೆಕ್ಕದ ಹನ್ನೆರಡು ಗ್ಯಾಲನ್ ಅಂದ್ರೆ ಸುಮಾರು 54 ಲೀಟರ್. ನನ್ನ ಎರಡಡಿ ಟ್ಯಾಂಕೂ ಹೆಚ್ಚುಕಮ್ಮಿ ಅಷ್ಟೇ. ನೂರ ಅರವತ್ತು ವರ್ಷ ಆದ್ಮೇಲೂ ಡಬ್ಬಿ ಅದೇ. ಒಂದೇ ವ್ಯತ್ಯಾಸ: ಅವನ ಡಬ್ಬಿಯಲ್ಲಿ ಗೋಲ್ಡ್ ಫಿಶ್ ಬಾಡಿಗೆದಾರ, ನನ್ನ ಡಬ್ಬಿಯಲ್ಲಿ ಗೋಲ್ಡ್ ಫಿಶ್ ರಾತ್ರಿಯೂಟ. ಭಾನುವಾರ ಫ್ರೆಂಡ್ಸ್ ಬಂದಾಗ ಒಂದೊಂದಾಗಿ ಹಾಕ್ತಿದ್ದೆ, ಎಲ್ಲರೂ ಮೊಬೈಲ್ ಹಿಡ್ಕೊಂಡು ನಿಲ್ತಿದ್ರು. ಗೋಲ್ಡ್ ಫಿಶ್ ಮೈಯಲ್ಲಿ ಬಿ1 ವಿಟಮಿನ್ ಅನ್ನು ಒಡೆಯುವ ಕಿಣ್ವ ಇರುತ್ತೆ, ಅದನ್ನೇ ತಿನ್ನಿಸ್ತಾ ಹೋದ್ರೆ ತಿಂದ ಮೀನೇ ಸೊರಗುತ್ತೆ ಅಂತ ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ.

ವಾರಿಂಗ್ಟನ್‌ನ ಸಮತೋಲನ ಮಾಂಸಾಹಾರಿ ಮೀನಿನ ಮುಂದೆ ನಡೆಯಲ್ಲ. ಗಿಡ ನೆಟ್ರೆ ಆಸ್ಕರ್ ಕಿತ್ತುಹಾಕುತ್ತೆ. ಬಸವನಹುಳು ಬಿಟ್ರೆ ತಿನ್ನುತ್ತೆ. ಪ್ರೋಟೀನ್ ಜಾಸ್ತಿ ತಿನ್ನೋ ಮೀನು ಅಮೋನಿಯಾವನ್ನೂ ಜಾಸ್ತಿ ಬಿಡುತ್ತೆ, ಅಮೋನಿಯಾ ಅಂದ್ರೆ ಮೀನಿಗೆ ವಿಷ. ಹಾಗಾಗಿ ಇಂಥ ಮೀನು ನಮ್ಮ ಹಾಲ್‌ಗೆ ಬರೋಕೆ ಕರೆಂಟ್ ಬೇಕಾಯ್ತು, ಪಂಪ್ ಬೇಕಾಯ್ತು, ಫಿಲ್ಟರ್ ಬೇಕಾಯ್ತು. ಫಿಲ್ಟರಿನ ಸ್ಪಾಂಜಿನಲ್ಲಿ ಬೆಳೆಯೋ ಬ್ಯಾಕ್ಟೀರಿಯಾ ಅಮೋನಿಯಾವನ್ನ ಮೊದಲು ನೈಟ್ರೈಟ್ ಮಾಡುತ್ತೆ, ಆಮೇಲೆ ನೈಟ್ರೇಟ್. ಆ ನೈಟ್ರೇಟ್ ಹೊರಗೆ ಹೋಗಬೇಕಂದ್ರೆ ಬಕೆಟ್ಟು, ಪೈಪು ಮತ್ತು ನಿಮ್ಮ ಭಾನುವಾರ. ಲೋಹದ ಚೌಕಟ್ಟು ಇಲ್ಲದೆ ಬರೀ ಸಿಲಿಕೋನ್‌ನಿಂದ ಗಾಜು ಅಂಟಿಸಿ ದೊಡ್ಡ ಟ್ಯಾಂಕ್ ಮಾಡೋದು ಶುರುವಾಗಿದ್ದು 1960ರ ದಶಕದ ಆಚೀಚೆ. ವಿಮಾನ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲ ಬಂದ ಮೇಲೆ ಅಮೆಜಾನ್ ಮೀನಿನ ಮರಿ ನಮ್ಮ ಬೀದಿಗೂ ಬಂತು.

ಮರಿ ಅಂದೆ. ಇಡೀ ವ್ಯಾಪಾರ ನಿಂತಿರೋದು ಆ ಪದದ ಮೇಲೆ. ದೊಡ್ಡದನ್ನ ಯಾರೂ ಸಾಗಿಸಲ್ಲ, ಯಾರೂ ಕೊಳ್ಳಲ್ಲ.

ಆಸ್ಕರ್ ಮನುಷ್ಯರ ಲೆಕ್ಕ ತಪ್ಪಿಸಿದ್ದು ಅದೇ ಮೊದಲಲ್ಲ. ಜರ್ಮನಿಯ ಸ್ಪಿಕ್ಸ್ 1817ರಿಂದ 1820ರವರೆಗೆ ಬ್ರೆಜಿಲ್ ಸುತ್ತಿ ಮೀನು ಸಂಗ್ರಹಿಸಿಕೊಂಡು ಬಂದ, ವಿವರ ಬರೆಯೋ ಮೊದಲೇ ತೀರಿಕೊಂಡ. ಆ ಕೆಲಸ ಬಿದ್ದಿದ್ದು ಲೂಯಿ ಅಗಾಸಿ ಅನ್ನೋ ಇಪ್ಪತ್ತರ ಆಸುಪಾಸಿನ ಹುಡುಗನ ಮೇಲೆ. ಬ್ರೆಜಿಲ್ ನೋಡದೆಯೇ ಅವನು 1831ರಲ್ಲಿ ಆಸ್ಕರ್‌ಗೆ ವೈಜ್ಞಾನಿಕ ಹೆಸರು ಕೊಟ್ಟ, ಆದ್ರೆ ಸಮುದ್ರದ ಮೀನುಗಳ ಗುಂಪಿಗೆ ಸೇರಿಸಿಬಿಟ್ಟ. ಅಮೆಜಾನ್ ನದಿಯ ಮೀನು ಕಾಗದದ ಮೇಲೆ ಅಟ್ಲಾಂಟಿಕ್ ಪಾಲಾಯ್ತು. ಅಮೆಜಾನ್ ದಂಡೆಯ ಜನಕ್ಕೆ ಈ ಗೊಂದಲ ಏನೂ ಇರಲಿಲ್ಲ. ಅವರು ಅದನ್ನ ಹಿಡಿದು ತಿನ್ತಿದ್ರು, ಈಗಲೂ ತಿನ್ತಾರೆ.

ಇನ್ನು ಬಿಟ್ಟ ಮೀನುಗಳ ಕಥೆ. 1950ರ ದಶಕದ ಕೊನೆಯಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಅಲಂಕಾರಿಕ ಮೀನು ಸಾಕುವವನೊಬ್ಬ ಬೇಕಂತಲೇ ಆಸ್ಕರ್ ಬಿಟ್ಟ. ಈಗ ದಕ್ಷಿಣ ಫ್ಲೋರಿಡಾದ ಕಾಲುವೆಗಳಲ್ಲಿ ಗಾಳ ಹಾಕಿದ್ರೆ ಆಸ್ಕರ್ ಸಿಗುತ್ತೆ. ಅದನ್ನ ತಡೆಯೋದು ಚಳಿ ಮಾತ್ರ. ನೀರು ಹದಿಮೂರು ಡಿಗ್ರಿ ಆಸುಪಾಸಿಗೆ ಇಳಿದ್ರೆ ಸಾಯುತ್ತೆ. ಬೆಂಗಳೂರಿನ ಕೆರೆಯ ನೀರು ಡಿಸೆಂಬರ್‌ನಲ್ಲೂ ಅಷ್ಟು ತಣ್ಣಗಾಗಲ್ಲ. ಬಕೆಟ್ ಹಿಡ್ಕೊಂಡು ನಿಂತವನಿಗೆ ಇದು ಗೊತ್ತಿರಲಿಲ್ಲ.

ನನ್ನ ಹಾಗೆ ಬಕೆಟ್ ಹಿಡಿದವರು ಎಷ್ಟು ಜನವೋ. ಕೆಲವು ಸಲ ಬಕೆಟ್ಟೂ ಬೇಕಾಗಲ್ಲ. 2018ರ ಕೇರಳದ ಪ್ರವಾಹ ಇಳಿದ ಮೇಲೆ ಚಾಲಕ್ಕುಡಿ ನದಿಯಲ್ಲಿ ಬಲೆಗೆ ಅರಪೈಮಾ ಬಿತ್ತು. ಎರಡು ಮೀಟರ್ ದಾಟಿ ಬೆಳೆಯೋ ಅಮೆಜಾನ್ ಮೀನು ಅದು. ಎಲ್ಲೋ ಸಾಕಿದ್ದು ನೆರೆಯಲ್ಲಿ ಆಚೆ ಬಂದಿತ್ತು. 2023ರ ಮೇ ತಿಂಗಳಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಮೊಸಳೆ ಮೂತಿಯ ಅಲಿಗೇಟರ್ ಗಾರ್ ಸಿಕ್ತು. ಅದರ ತವರು ಮಿಸಿಸಿಪಿ ಕಣಿವೆ. 2011ರಲ್ಲಿ ಅಲ್ಲಿ ಸಿಕ್ಕ ಒಂದು ಗಾರ್ ಸುಮಾರು 148 ಕೆಜಿ ತೂಗಿತ್ತು. ಅದನ್ನೂ ಮರಿಯಾಗಿದ್ದಾಗ ಚೀಲದಲ್ಲಿ ಹಾಕಿ ಮಾರ್ತಾರೆ.

ನಾನು ಮೀನು ಬಿಟ್ಟ ಮರುವರ್ಷ ಅದೇ ಕೆರೆ ಏರಿ ಮೇಲೆ ವಾಕಿಂಗ್ ಹೋಗಿದ್ದೆ. ಟೆಂಡರ್ ಹಿಡಿದವರು ಕಾಟ್ಲಾ, ರೋಹು ಮರಿ ಬಿಟ್ಟು ಸಾಕುವ ಕೆರೆ ಅದು. ಅಂದರೆ ಅಷ್ಟೊಂದು ಮರಿಗಳ ಮಧ್ಯೆ ನಾನು ಬಿಟ್ಟಿದ್ದು ಮರಿ ತಿನ್ನೋ ಮೀನು. ತೂಬಿನ ಹತ್ತಿರ ಒಬ್ಬ ಹುಡುಗ ಗಾಳಕ್ಕೆ ಸಿಕ್ಕ ಮೀನನ್ನ ಎರಡೂ ಕೈಯಲ್ಲಿ ಹಿಡ್ಕೊಂಡು ನಿಂತಿದ್ದ. ಕಪ್ಪು ಮೈ, ಕಿತ್ತಳೆ ಪಟ್ಟೆ, ಬಾಲದಲ್ಲಿ ಕಣ್ಣು. ನನ್ನದೇ ಅಂತ ಹೇಳೋಕೆ ಆಗಲ್ಲ. ನನ್ನದಕ್ಕಿಂತ ಚಿಕ್ಕದಿತ್ತು ಅನ್ಸುತ್ತೆ. ಚಿಕ್ಕದು ಅನ್ನೋದೇ ಈಗ ನನ್ನನ್ನ ಹೆಚ್ಚು ಕಾಡೋದು. ಟೈಗರ್ ಆಸ್ಕರ್ ಸಾಕುತ್ತಿದ್ದವನು ಆ ಏರಿಯಾದಲ್ಲಿ ನಾನೊಬ್ಬನೇ ಆಗಿರಲಿಲ್ಲ ತಾನೆ.

'ಅಣ್ಣ, ಯಾವ ಮೀನಿದು? ತಿನ್ನಬಹುದಾ?' ಅಂತ ಕೇಳಿದ.

ತಿನ್ನಬಹುದು ಅಂದೆ. ಹೆಸರು ಮಾತ್ರ ಹೇಳಲಿಲ್ಲ.