ದೊಡ್ಡ ಸ್ವಾಮಿಯವರ ಲೆಕ್ಕ

ಮಿಷನರಿ ಎಂದೊಡನೆ ಕನ್ನಡಿಗರಾದ ನಮಗೆ ನೆನಪಾಗುವವರು ಮೋಗ್ಲಿಂಗ್ ಮತ್ತು ಕಿಟ್ಟೆಲ್. 1843ರ ‘ಮಂಗಳೂರು ಸಮಾಚಾರ’, 1894ರ ಮಹಾನಿಘಂಟು, ಇವುಗಳ ಋಣ ನಮ್ಮ ಮೇಲಿದೆ. ಅದನ್ನು ನಾವು ಮರೆತೂ ಇಲ್ಲ. ಆದರೆ ಇಂದು ನಾನು ಹೇಳಹೊರಟಿರುವುದು ಅವರಿಗಿಂತ ಒಂದು ತಲೆಮಾರು ಹಿಂದೆ ಮೈಸೂರು ಸೀಮೆಯಲ್ಲಿ ಬಾಳಿ, ತಾನು ಬಂದ ಕೆಲಸದಲ್ಲಿ ಸೋತೆನೆಂದು ಅಚ್ಚಿನಲ್ಲಿಯೇ ಒಪ್ಪಿಕೊಂಡು ಹೋದ ಒಬ್ಬ ಫ್ರೆಂಚ್ ಪಾದ್ರಿಯ ವಿಚಾರ. ಹೆಸರು ಜಾನ್ ಆಂತ್ವಾನ್ ದುಬ್ವಾ. ‘ಅಬ್ಬೆ ಡುಬಾಯ್’ ಎಂದು ಓದುವುದೇ ನಮ್ಮಲ್ಲಿ ರೂಢಿ. ಆ ಕಾಲದ ಹಳ್ಳಿಯ ಕ್ರೈಸ್ತರು ಅವರನ್ನು ಕರೆಯುತ್ತಿದ್ದುದು ‘ದೊಡ್ಡ ಸ್ವಾಮಿಯವರು’ ಎಂದು.

ಈ ಹೆಸರಿನೊಡನೆ ನನ್ನದೊಂದು ತಪ್ಪೂ ಸೇರಿಕೊಂಡಿದೆ. ಕಾಲೇಜಿನಲ್ಲಿ ಕೆಂಪುನಾರಾಯಣನ ‘ಮುದ್ರಾಮಂಜೂಷ’ವನ್ನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ, ಆ ಗ್ರಂಥ ಹುಟ್ಟಿದ 1823ರ ಸುಮಾರಿನ ಮೈಸೂರಿನ ಜನಜೀವನ ಹೇಗಿತ್ತೆಂದು ತಿಳಿಯಬೇಕಾದರೆ ದುಬ್ವಾ ಅವರ ‘ಹಿಂದೂಗಳ ಆಚಾರ ವಿಚಾರ ಸಂಸ್ಕಾರಗಳು’ ಎಂಬ ಗ್ರಂಥವನ್ನು ನೋಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದೆ. ಕಣ್ಣಾರೆ ಕಂಡವರ ಸಾಕ್ಷ್ಯ ಎಂದು ಒತ್ತಿ ಹೇಳುತ್ತಿದ್ದೆ. ಆ ಮಾತು ಎಷ್ಟು ಅರ್ಧಸತ್ಯವೆಂಬುದು ತಿಳಿಯುವ ಹೊತ್ತಿಗೆ ಎಷ್ಟೋ ತಂಡಗಳು ನನ್ನ ತರಗತಿಯಿಂದ ಹೊರಟುಹೋಗಿದ್ದವು.

ದುಬ್ವಾ ಹುಟ್ಟಿದ್ದು 1766ರಲ್ಲಿ, ದಕ್ಷಿಣ ಫ್ರಾನ್ಸಿನ ಆರ್ದೆಶ್ ಸೀಮೆಯಲ್ಲಿ. 1792ರಲ್ಲಿ, ಫ್ರೆಂಚ್ ಕ್ರಾಂತಿಯ ಉರಿ ಪಾದ್ರಿಗಳನ್ನು ಅಟ್ಟಿಸಿಕೊಂಡು ಬರುತ್ತಿದ್ದಾಗ, ದೀಕ್ಷೆ ಪಡೆದ ವರ್ಷವೇ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯ ಪರವಾಗಿ ಪುದುಚೇರಿಯ ಕಡೆಗೆ ಹೊರಟರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವರನ್ನು ಮೈಸೂರಿಗೆ ಕರೆಸಲಾಯಿತು. ಟಿಪ್ಪುವಿನ ಸೆರೆಯಿಂದ ಉಳಿದುಬಂದಿದ್ದ ಚದುರಿದ ಕ್ರೈಸ್ತ ಕುಟುಂಬಗಳನ್ನು ಒಂದುಗೂಡಿಸುವುದು ಅವರ ಮೊದಲ ಕೆಲಸ. ಗಂಜಾಮಿನ ಚರ್ಚು ಇಂದಿಗೂ ಅವರ ಹೆಸರಿನಲ್ಲಿದೆ. ದರಿಯಾ ದೌಲತ್ತನ್ನೂ ಗುಂಬಜನ್ನೂ ನೋಡಲು ಹೋಗುವವರಲ್ಲಿ ಅಲ್ಲಿ ನಿಲ್ಲುವವರು ಕಡಿಮೆ.

ಬಂದವರು ಇಲ್ಲಿಯವರ ಉಡುಪನ್ನೇ ಉಟ್ಟರು. ಇಲ್ಲಿಯವರ ಊಟವನ್ನೇ ಉಂಡರು. ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಬರೆದ ಅವರ ಚಿತ್ರದಲ್ಲಿ ಬಿಳಿಯ ನಿಲುವಂಗಿ, ತಲೆಗೆ ಪೇಟ, ಕೈಯಲ್ಲಿ ಬಿದಿರುಕೋಲು. ಮುಖವನ್ನು ಮುಚ್ಚಿ ನೋಡಿದರೆ ನಮ್ಮ ಕಡೆಯ ಹಿರಿಯರೊಬ್ಬರೆಂದೇ ಭಾವಿಸಬೇಕು.

ಈ ಬಗೆಯ ಹೊಂದಾಣಿಕೆ ದುಬ್ವಾ ಅವರ ಕಲ್ಪನೆಯಲ್ಲ. ಅದರ ಹಿಂದೆ ಇನ್ನೂರು ವರ್ಷಗಳ ಪರಂಪರೆ ಇತ್ತು. 1606ರಲ್ಲಿ ಮದುರೆಗೆ ಬಂದ ಇಟಲಿಯ ಜೆಸ್ವಿಟ್ ಪಾದ್ರಿ ರೊಬೆರ್ತೊ ದೆ ನೊಬಿಲಿ ಒಂದು ವಿಷಯವನ್ನು ಕಂಡುಕೊಂಡಿದ್ದರು. ಜನರಿಗೆ ಕ್ರಿಸ್ತನ ಮೇಲೆ ಹಗೆಯಿಲ್ಲ. ಅವರಿಗೆ ಅಸಹ್ಯವಾಗಿರುವುದು ‘ಪರಂಗಿ’ ಎಂಬ ಪದದೊಡನೆ ಅಂಟಿಕೊಂಡ ಗೋಮಾಂಸ, ಹೆಂಡ, ಮಡಿಮೈಲಿಗೆಯಿಲ್ಲದ ನಡವಳಿಕೆ. ಆದಕಾರಣ ನೊಬಿಲಿ ಕಾವಿ ಉಟ್ಟು, ಮಾಂಸ ಬಿಟ್ಟು, ಸಂಸ್ಕೃತ ಕಲಿತು ಬ್ರಾಹ್ಮಣ ಸಂನ್ಯಾಸಿಯಂತೆ ಬದುಕಿದರು. ಹದಿನೇಳನೆಯ ಶತಮಾನದ ನಡುವಿನಲ್ಲಿ ಮೈಸೂರಿನ ಮಿಷನನ್ನು ಆರಂಭಿಸಿದ ಲಿಯೊನಾರ್ದೊ ಚಿನ್ನಮಿ ಸಂನ್ಯಾಸಿಯ ಈ ವೇಷವನ್ನೇ ಶ್ರೀರಂಗಪಟ್ಟಣಕ್ಕೂ ತಂದರು.

ಆದರೆ ಇಲ್ಲೊಂದು ತೊಡಕು ಹುಟ್ಟಿತು. ಬ್ರಾಹ್ಮಣ ಸಂನ್ಯಾಸಿಯ ವೇಷ ತೊಟ್ಟವರು ಕೆಳಜಾತಿಯವರ ಮನೆಯ ಹೊಸಿಲು ದಾಟುವಂತಿಲ್ಲ. ಅದಕ್ಕಾಗಿ ‘ಪಂಡಾರಸ್ವಾಮಿ’ಗಳೆಂಬ ಇನ್ನೊಂದು ಬಗೆಯ ಪಾದ್ರಿಗಳನ್ನು ಏರ್ಪಡಿಸಬೇಕಾಯಿತು. ಒಬ್ಬನೇ ದೇವರು, ಒಂದೇ ಸುವಾರ್ತೆ. ಅದನ್ನು ತಲುಪಿಸಲು ಮಾತ್ರ ಎರಡು ಬಗೆಯ ಗುರುಗಳು! ಈ ಹೊಂದಾಣಿಕೆಗಳ ಬಗೆಗೆ ರೋಮಿನಲ್ಲಿ ದೀರ್ಘಕಾಲ ವಾದವಿವಾದ ನಡೆದು, 1744ರಲ್ಲಿ ಹದಿನಾಲ್ಕನೆಯ ಬೆನೆಡಿಕ್ಟ್ ಪೋಪರು ಇವುಗಳಲ್ಲಿ ಬಹುಪಾಲನ್ನು ನಿಷೇಧಿಸಿದರು. 1773ರಲ್ಲಿ ಜೆಸ್ವಿಟ್ ಸಂಘವೇ ರದ್ದಾಯಿತು. ಅವರ ಕ್ಷೇತ್ರಗಳು ಪ್ಯಾರಿಸ್ಸಿನ ಸಂಸ್ಥೆಯ ಕೈಗೆ ಬಂದವು. ಹೊಲದೊಡನೆ ಹಳೆಯ ಹೊಲದವರ ಕಾಗದಪತ್ರಗಳೂ ಬಂದವು ಎಂಬುದನ್ನು ನೆನಪಿನಲ್ಲಿಟ್ಟುಕೊಳ್ಳಬೇಕು.

ದುಬ್ವಾ ತಮ್ಮ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಅವರಿಗೆ 1806ರಲ್ಲಿ ಒಪ್ಪಿಸಿದರು. ಸಿಪಾಯಿಗಳ ಪೇಟ ಹಾಗೂ ಹಣೆಯ ನಾಮದ ವಿಷಯದಲ್ಲಿ ಕೈಹಾಕಿ ಕಂಪೆನಿಯವರು ವೆಲ್ಲೂರಿನಲ್ಲಿ ದಂಗೆಯನ್ನು ಎದುರಿಸಿದ್ದೂ ಅದೇ ವರ್ಷ. ಈ ಜನರ ಆಚಾರಗಳನ್ನು ತಿಳಿಯದೆ ಆಳುವುದು ಕಷ್ಟವೆಂದು ಮನಗಂಡಿದ್ದ ಮದರಾಸಿನ ಗವರ್ನರ್ ಬೆಂಟಿಂಕ್ ಅದನ್ನು 2,000 ವರಹಗಳಿಗೆ ಸರಕಾರದ ಪರವಾಗಿ ಕೊಂಡರು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಪ್ರಕಟವಾಯಿತು. 1897ರಲ್ಲಿ ಬೋಷಾಂಪ್ ಅವರ ಹೊಸ ಅನುವಾದ ಬಂದ ಮೇಲೆ ದುಬ್ವಾ ಲೋಕಪ್ರಸಿದ್ಧರಾದರು. ಕಂಪೆನಿಯ ಅಧಿಕಾರಿಗಳಿಂದ ಹಿಡಿದು ನನ್ನಂಥ ಅಧ್ಯಾಪಕರವರೆಗೆ ಎಲ್ಲರೂ ಅದನ್ನು ನಂಬಿದೆವು.

1987ರಲ್ಲಿ ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ಒಂದು ಹಳೆಯ ಹಸ್ತಪ್ರತಿಯನ್ನು ಬೆಳಕಿಗೆ ತಂದರು. ಅದು 1777ರದು. ತೆಲುಗು ಸೀಮೆಯಲ್ಲಿಯೂ ಪುದುಚೇರಿಯಲ್ಲಿಯೂ ಬಹುಕಾಲ ಬಾಳಿ 1779ರಲ್ಲಿ ತೀರಿಕೊಂಡ ಕೂರ್ದೂ ಎಂಬ ಜೆಸ್ವಿಟ್ ಪಾದ್ರಿಯ ಬರಹವನ್ನು ಆಧರಿಸಿದುದು. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್‌ಗಳಿಗೂ ಇರುವ ನಂಟನ್ನು ವಿಲಿಯಂ ಜೋನ್ಸ್ ಅವರಿಗಿಂತ ಮುಂಚೆಯೇ ಗುರುತಿಸಿದ ವಿದ್ವಾಂಸರು ಇವರು. ದುಬ್ವಾ ಅವರ ಗ್ರಂಥದ ಬಹುಭಾಗ ಆ ಬರಹದಿಂದ ಎತ್ತಿಕೊಂಡದ್ದೆಂದು ಮ್ಯೂರ್ ತೋರಿಸಿದರು. ದುಬ್ವಾ ಕೂರ್ದೂ ಅವರ ಋಣವನ್ನು ಎಲ್ಲಿಯೂ ಹೇಳಿರಲಿಲ್ಲ. ನಾನು 1823ರ ಮೈಸೂರು ಎಂದು ತೋರಿಸುತ್ತಿದ್ದ ಚಿತ್ರದ ಬಹುಪಾಲು ಅರ್ಧ ಶತಮಾನ ಹಿಂದಿನ, ಬೇರೆಯೇ ಸೀಮೆಯ ಚಿತ್ರವಾಗಿತ್ತು.

ಹಾಗಾದರೆ ದುಬ್ವಾ ಅವರದೇ ಆದ ಪುಸ್ತಕ ಯಾವುದು? 1823ರ ಜನವರಿಯಲ್ಲಿ ಅವರು ಭಾರತವನ್ನು ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಭಾರತದ ಕ್ರೈಸ್ತ ಧರ್ಮದ ಸ್ಥಿತಿಗತಿಯನ್ನು ಕುರಿತ ಅವರ ಪತ್ರಗಳು ಪ್ರಕಟವಾದವು. ಹಿಂದೂಗಳ ಮತಾಂತರ ಅಸಾಧ್ಯ ಎಂಬುದು ಅದರ ಪ್ರತಿಪಾದನೆ. ಬ್ರಾಹ್ಮಣರ ಪ್ರಭಾವ, ಯುರೋಪಿಯನರ ನಡತೆ, ಹಳೆಯ ಹೊಂದಾಣಿಕೆಗಳ ಮೇಲೆ ಬಿದ್ದ ನಿಷೇಧ, ಇವು ಅವರು ಕೊಟ್ಟ ಕಾರಣಗಳು. ಪುಸ್ತಕದ ಕೊನೆಗೆ ಹಿಂದೂ ಸ್ತ್ರೀಪುರುಷರನ್ನು ಹೀನಾಯವಾಗಿ ಚಿತ್ರಿಸಿದ್ದ ಇನ್ನೊಬ್ಬ ಮಿಷನರಿಗೆ ಖಂಡನೆಯ ಉತ್ತರವೂ ಇದೆ. ಮಾರನೆಯ ವರ್ಷವೇ ಹಫ್, ಟೌನ್ಲಿ ಎಂಬ ಪ್ರಾಟೆಸ್ಟಂಟ್ ಪಾದ್ರಿಗಳು ಇದಕ್ಕೆ ಪ್ರತ್ಯುತ್ತರಗಳನ್ನು ಬರೆದರು.

ಈ ಪತ್ರಗಳಲ್ಲಿ ಒಂದು ಪ್ರಸಂಗ ಬರುತ್ತದೆ. ದಾರಿತಪ್ಪಿದ ಮಗನ ಸಾಮತಿಯನ್ನು ದುಬ್ವಾ ಒಮ್ಮೆ ತಮ್ಮ ಸಭೆಗೆ ವಿವರಿಸಿದರು. ಮಗ ಹಿಂದಿರುಗಿದ ಸಂತೋಷಕ್ಕೆ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸುತ್ತಾನಷ್ಟೆ. ಪ್ರವಚನ ಮುಗಿದ ಮೇಲೆ ಕೆಲವು ಭಕ್ತರು ಬಂದು, ಕರುವಿನ ಮಾತು ಎತ್ತಬಾರದಿತ್ತು, ಹಿಂದೂಗಳು ಕೇಳಿಸಿಕೊಂಡಿದ್ದರೆ ನಮ್ಮ ಮಾನ ಹೋಗುತ್ತಿತ್ತು, ಕುರಿಮರಿ ಎಂದು ಹೇಳಬೇಕಿತ್ತು ಎಂದು ತಿಳಿಯಹೇಳಿದರಂತೆ. ಅನುವಾದದ ಕಷ್ಟವೇನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ. ಶಬ್ದಕ್ಕೆ ಶಬ್ದ ಸಿಕ್ಕಿದರೂ ತಂದೆಯ ವಾತ್ಸಲ್ಯ ಕೇಳುವವನ ಕಿವಿಯಲ್ಲಿ ಪಾತಕವಾಗಿಬಿಡುತ್ತದೆ.

ಅದೇ ಪತ್ರಗಳಲ್ಲಿ ದುಬ್ವಾ ತಮ್ಮ ಲೆಕ್ಕವನ್ನೂ ಒಪ್ಪಿಸುತ್ತಾರೆ. ಅಷ್ಟು ವರ್ಷಗಳ ಸೇವೆಯಲ್ಲಿ, ದೇಶೀಯ ಪಾದ್ರಿಯೊಬ್ಬರ ಸಹಾಯದಿಂದ, ತಾವು ಕ್ರೈಸ್ತರನ್ನಾಗಿ ಮಾಡಿದವರು ಒಟ್ಟು ಇನ್ನೂರರಿಂದ ಮುನ್ನೂರು ಮಂದಿ. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಸ್ಪೃಶ್ಯರು ಮತ್ತು ಭಿಕ್ಷುಕರು. ಉಳಿದವರು ದಿಕ್ಕಿಲ್ಲದ ಶೂದ್ರರು, ಕುಲದಿಂದ ಹೊರಬಿದ್ದವರು. ಇವರೆಲ್ಲ ಯಾವುದೋ ಆಸೆಗೆ, ಮದುವೆಯ ನಂಟಿಗೆ ಬಂದವರೆಂದು ಬರೆಯುತ್ತಾರೆ.

ಈ ವಾಕ್ಯವನ್ನು ಮೊದಲ ಸಲ ಓದಿದಾಗ ಅದರ ಪ್ರಾಮಾಣಿಕತೆಗೆ ತಲೆದೂಗಿದೆ. ತನ್ನ ಸೋಲನ್ನು ಹೀಗೆ ಅಂಕಿಯಿಟ್ಟು ಹೇಳುವವರು ಎಷ್ಟು ಮಂದಿ? ಮತ್ತೆ ಓದಿದಾಗ ನನಗೆ ಬೇರೊಂದು ಧ್ವನಿ ಕೇಳಿಸಿತು. ಬಂದವರು ಬಡವರು, ತುಳಿಯಲ್ಪಟ್ಟವರು. ಆದುದರಿಂದ ಬಂದದ್ದು ಲೆಕ್ಕಕ್ಕಿಲ್ಲ! ಬೆಸ್ತರನ್ನೂ ಕುಷ್ಠರೋಗಿಗಳನ್ನೂ ಹತ್ತಿರ ಕರೆದ ಗುರುವಿನ ಶಿಷ್ಯರು ಈ ಮಾತನ್ನು ಹೇಗೆ ಬರೆದರು?

ಉತ್ತರ ಅವರ ದೊಡ್ಡ ಗ್ರಂಥದ ರಚನೆಯಲ್ಲಿಯೇ ಇದೆ. ‘ಹಿಂದೂಗಳ ಆಚಾರ’ ಎಂಬ ಹೆಸರಿನ ಆ ಪುಸ್ತಕದ ಮೂರು ಭಾಗಗಳಲ್ಲಿ ಎರಡನೆಯ ಭಾಗಕ್ಕೆ ವಸ್ತು ಬ್ರಾಹ್ಮಣ ಜೀವನದ ನಾಲ್ಕು ಆಶ್ರಮಗಳು. ನಾಡಿನ ಜನರಲ್ಲಿ ಒಂದು ಸಣ್ಣ ಪಾಲಿನ ಬಾಳುವೆ ಇಡೀ ನಾಡಿನ ಬಾಳುವೆಯ ಅಳತೆಗೋಲಾಯಿತು. ಮಿಷನರಿಗಳು ಪರಸಂಸ್ಕೃತಿಯನ್ನು ಅಪ್ಪಿಕೊಂಡರು ಎಂದು ನಾವು ಹೊಗಳುತ್ತೇವೆ. ಯಾರ ಸಂಸ್ಕೃತಿಯನ್ನು ಎಂದು ಕೇಳುವುದಿಲ್ಲ. ಒಂದು ನಾಡಿನಲ್ಲಿ ಇರುವುದು ಒಂದೇ ಸಂಸ್ಕೃತಿಯಲ್ಲ, ಅಗ್ರಹಾರಕ್ಕೊಂದು, ಕೇರಿಗೊಂದು. ನೊಬಿಲಿಯಿಂದ ದುಬ್ವಾವರೆಗೆ ಈ ಪಾದ್ರಿಗಳು ಗೌರವ ಬಯಸಿ ಅಗ್ರಹಾರದ ಬಾಗಿಲು ತಟ್ಟಿದರು. ಆ ಬಾಗಿಲು ತೆರೆಯಲಿಲ್ಲ. ಆದರೆ ಅದರ ಮುಂದೆ ಬಹಳ ಹೊತ್ತು ನಿಂತದ್ದರಿಂದ ಒಳಗಿನವರ ಕಣ್ಣು ಇವರಿಗೆ ಬಂದಿತು. ಬೆನ್ನ ಹಿಂದೆ ತಾನಾಗಿ ಬಂದು ನಿಂತಿದ್ದವರು ಆ ಕಣ್ಣಿಗೆ ಮನುಷ್ಯರಾಗಿ ಕಾಣಲಿಲ್ಲ. ಉಡುಪಿನೊಡನೆ ತಾತ್ಸಾರವನ್ನೂ ಉಟ್ಟುಕೊಂಡಂತಾಯಿತು.

ದುಬ್ವಾ ಅವರನ್ನು ಹೀಗೆ ತೂಗುವಾಗ ನನ್ನ ತಕ್ಕಡಿಯನ್ನೂ ನೋಡಿಕೊಳ್ಳಬೇಕು. ಆ ಪುಸ್ತಕವನ್ನು ‘ಜನಜೀವನ’ಕ್ಕೆ ಸಾಕ್ಷಿಯೆಂದು ವರ್ಷವರ್ಷವೂ ಹೇಳಿದವನು ನಾನು. ಯಾವ ಜನ ಎಂದು ನಾನೂ ಕೇಳಿರಲಿಲ್ಲ. ಅದನ್ನು ಕೇಳಬಲ್ಲ ಹುಡುಗರು ಹಿಂದಿನ ಬೆಂಚುಗಳಲ್ಲಿ ಕುಳಿತಿದ್ದರು.

ಇನ್ನೊಂದು ಲೆಕ್ಕವಿದೆ. ಅದನ್ನು ಹೇಳದಿದ್ದರೆ ಅನ್ಯಾಯವಾದೀತು. 1802ರಲ್ಲಿ ಸಿಡುಬಿಗೆ ಹಾಕುವ ಗೋಸಿಡುಬಿನ ಲಸಿಕೆ ಮುಂಬಯಿಗೆ ಬಂದಿಳಿಯಿತು. 1803–04ರಲ್ಲಿ ಮೈಸೂರು ಸೀಮೆಯಲ್ಲಿ ದುಬ್ವಾ ಅವರ ಪ್ರಯತ್ನದಿಂದ ಲಸಿಕೆ ಹಾಕಿಸಿಕೊಂಡವರ ಸಂಖ್ಯೆ 25,432 ಎಂದು ದಾಖಲೆಯಾಗಿದೆ. ಆ ಕಾಲದಲ್ಲಿ ಲಸಿಕೆಯನ್ನು ಶೀಸೆಯಲ್ಲಿಟ್ಟು ಊರೂರಿಗೆ ಒಯ್ಯುವುದು ದುಸ್ತರ, ಬಿಸಿಲಿಗೆ ಕೆಡುತ್ತಿತ್ತು. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯ ರಸವನ್ನು ತೆಗೆದು ಮತ್ತೊಬ್ಬರ ತೋಳಿಗೆ ಹಾಕುತ್ತ ಸರಪಣಿಯಂತೆ ಸಾಗಿಸುವುದೇ ಕ್ರಮ. ಆ ರಸಕ್ಕೆ ಜಾತಿ ತಿಳಿಯದು. ಚರ್ಚಿನೊಳಗೆ ಕಟ್ಟಲಾಗದ ಸರಪಣಿ ತೋಳುಗಳ ನಡುವೆ ಕಟ್ಟಬಹುದಾಗಿತ್ತು. ಹಾಸನದ ಬಳಿಯ ಸಾತಹಳ್ಳಿಯಲ್ಲಿ ಅವರು ಬಡ ಕ್ರೈಸ್ತರಿಗಾಗಿ ಬೇಸಾಯದ ನೆಲೆಯೊಂದನ್ನೂ ಏರ್ಪಡಿಸಿದರು. ಗೆಲುವು ಸೋಲುಗಳ ತೀರ್ಪು ಕೊಡುವಾಗ ಈ ತೋಳುಗಳನ್ನೂ ಈ ನೇಗಿಲುಗಳನ್ನೂ ಅವರು ತಮ್ಮ ಗೆಲುವಿನ ಪಕ್ಷಕ್ಕೆ ಹಾಕಿಕೊಳ್ಳಲಿಲ್ಲ.

ಪ್ಯಾರಿಸ್ಸಿಗೆ ಹೋದ ಮೇಲೆ 1826ರಲ್ಲಿ ಅವರು ಪಂಚತಂತ್ರವನ್ನು ಫ್ರೆಂಚಿಗೆ ಅನುವಾದಿಸಿ ಪ್ರಕಟಿಸಿದರು. ಅದಕ್ಕೆ ಆಧಾರ ತಮಿಳು, ತೆಲುಗು ಮತ್ತು ಕನ್ನಡದ ಪ್ರತಿಗಳು. 31 ವರ್ಷ ಬೋಧಿಸಲು ಯತ್ನಿಸಿದ ನಾಡಿನಿಂದ ಅವರು ಒಯ್ದದ್ದು ಅದರ ಕಥೆಗಳನ್ನು. ತಮ್ಮ ಸಂಸ್ಥೆಯ ಮುಖ್ಯಸ್ಥರೂ ಆಗಿ, 1848ರಲ್ಲಿ ತೀರಿಕೊಂಡರು. ಅದೇ ವರ್ಷ ಮಂಗಳೂರಿನಲ್ಲಿ ಮೋಗ್ಲಿಂಗ್ ಕನ್ನಡ ಕಾವ್ಯಗಳ ಮಾಲೆಯನ್ನು ಅಚ್ಚಿಗೆ ಹಾಕತೊಡಗಿದ್ದರು; ದಾಸರ ಪದಗಳು, ಬಸವಪುರಾಣ ಆ ಮಾಲೆಯಲ್ಲಿ ಬಂದವು.

ಕಂಪೆನಿ 2,000 ವರಹ ತೆತ್ತ ಪುಸ್ತಕದ ಬಹುಪಾಲು ಇನ್ನೊಬ್ಬರದೆಂದು ಇಂದು ನಮಗೆ ಗೊತ್ತು. ವಾದಕ್ಕೆ ಸಿಕ್ಕಿದ ಪತ್ರಗಳನ್ನು ವಿದ್ವಾಂಸರಲ್ಲದೆ ಬೇರೆಯವರು ಓದುವುದಿಲ್ಲ. ದುಬ್ವಾ ಅವರದಾಗಿ ಉಳಿದುದು ‘ದೊಡ್ಡ ಸ್ವಾಮಿಯವರು’ ಎಂಬ ಆ ಹೆಸರು. ಅದನ್ನು ಅವರಿಗೆ ಕೊಟ್ಟವರು ಅಗ್ರಹಾರದವರಲ್ಲ, ಕಂಪೆನಿಯವರೂ ಅಲ್ಲ; ತಾವು ಗೆದ್ದದ್ದು ಏನೂ ಇಲ್ಲವೆಂದು ಅವರು ಬರೆದಾಗ ಯಾರನ್ನು ಬಿಟ್ಟು ಎಣಿಸಿದ್ದರೋ ಅವರು.