ಕಲ್ಲು ಒಪ್ಪಿದ ಮೊನೆ

ಕೊಡಗಿನ ದಕ್ಷಿಣದಂಚಿನಲ್ಲಿ, ಕೇರಳದ ಗಡಿಗೆ ಆತುಕೊಂಡಿರುವ ಕುಟ್ಟದ ಸಮೀಪದಲ್ಲಿಯೇ ಇರ್ಪು ಜಲಪಾತವಿದೆ. ಬಾಯಾರಿದ ಅಣ್ಣನಿಗಾಗಿ ಲಕ್ಷ್ಮಣನು ಬ್ರಹ್ಮಗಿರಿ ಬೆಟ್ಟಕ್ಕೆ ಬಾಣ ಬಿಟ್ಟನೆಂದೂ, ಆಗ ಚಿಮ್ಮಿದ ನೀರೇ ಲಕ್ಷ್ಮಣತೀರ್ಥವಾಯಿತೆಂದೂ ಸ್ಥಳಪುರಾಣ. ಕಲ್ಲನ್ನು ಭೇದಿಸಿದ ಬಾಣದ ಕಥೆ ಅದು. ಆದರೆ ಬಾಣದ ಮೊನೆಯೇ ಕಲ್ಲಾಗಿದ್ದ ಕಾಲವೊಂದಿತ್ತು. ಆ ಕಾಲದ ಬೇಟೆಗಾರನು ಬಿಲ್ಲಿಗೆ ಹೆದೆಯೇರಿಸುವ ಮುನ್ನ ಕಲ್ಲನ್ನು ಒಡೆಯಬೇಕಾಗಿತ್ತು. (ಕುಟ್ಟವೆಂಬ ಹೆಸರಿಗೂ ಕುಟ್ಟುವ ಕ್ರಿಯೆಗೂ ನಂಟು ಕಟ್ಟುವ ಆಸೆ ನನಗೂ ಆಗದಿಲ್ಲ, ಅದನ್ನು ತಡೆದುಕೊಳ್ಳುತ್ತೇನೆ.)

ಕಲ್ಲಿನ ಮೊನೆ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಚಿತ್ರಪುಸ್ತಕಗಳ ಮೊನೆ: ಎಲೆಯಂತೆ ತೆಳುವಾಗಿ, ಬುಡದಲ್ಲಿ ಎರಡು ಕಡೆ ಕಚ್ಚು ತೆಗೆದದ್ದು. ಅದು ಚಕಮಕಿ ಕಲ್ಲಿನಂಥ ಕಲ್ಲುಗಳ ಕೂಸು. ಅವುಗಳ ಒಡಲು ಗಾಜಿನಂತೆ ಏಕರೂಪ. ಪೆಟ್ಟಿನ ಬಲ ಅಲೆಯಾಗಿ ಹರಿದು, ಚಿಪ್ಪಿನಾಕಾರದ ಚಕ್ಕೆ ಏಳುತ್ತದೆ. ಮುಂದಿನ ಚಕ್ಕೆ ಎಲ್ಲಿ ಏಳುವುದೆಂದು ನುರಿತ ಕೈ ಮೊದಲೇ ಬಲ್ಲದು. ಕುಟ್ಟದ ಕಡೆಯ ನೆಲ ಅಂಥದಲ್ಲ. ಅಲ್ಲಿರುವುದು ಹರಳುಹರಳಾದ ಗಡಸು ನೈಸ್ ಶಿಲೆ, ಅದರ ನಡುವೆ ಬಿಳಿಯ ಬೆಣಚುಕಲ್ಲಿನ ಎಳೆಗಳು. ಬೆಣಚು ಹರಿತವೇನೋ ಹೌದು, ಆದರೆ ಅದರ ಒಳಗೆಲ್ಲ ಬಿರುಕು. ಅಡಿಗಲ್ಲಿನ ಮೇಲಿಟ್ಟು ಬಡಿದರೆ ಉಗುರಿನಷ್ಟು ಚೂರುಗಳು ಸಿಕ್ಕಾವು. ಅದರಲ್ಲಿ ಕಚ್ಚು ತೆಗೆಯಹೊರಟರೆ ಮೊನೆ ಅಲ್ಲಿಯೇ ಮುರಿಯುತ್ತದೆ.

ಹಾಗಾದರೆ ಬೆಣಚು ಮಾತ್ರ ಉಳ್ಳವನು ಏನು ಮಾಡಬೇಕು? ಉತ್ತರ ಬೆಂಗಳೂರಿನ ಜಾಲಹಳ್ಳಿಯಲ್ಲಿದೆ. ಅಲ್ಲಿ ದೊರೆತ ಬೆಣಚಿನ ಸೂಕ್ಷ್ಮ ಶಿಲೋಪಕರಣಗಳನ್ನು 1948ರಲ್ಲಿ ಕೆ.ಆರ್.ಯು. ಟಾಡ್ ವಿದ್ವತ್ ಲೋಕದ ಮುಂದಿಟ್ಟರು. ಅವುಗಳಲ್ಲಿ ಅರ್ಧಚಂದ್ರಾಕೃತಿಯವು ಇವೆ. ಬಾಗಿದ ಬೆನ್ನನ್ನು ಸಣ್ಣ ಪೆಟ್ಟುಗಳಿಂದ ಮೊಂಡು ಮಾಡಿ, ನೇರ ಅಂಚನ್ನು ಒಡೆದ ಹರಿತದಲ್ಲಿಯೇ ಬಿಡುವ ರೂಪ ಅದು. ಮೊಂಡು ಬೆನ್ನನ್ನು ಮರದ ಅಂಟಿನಲ್ಲಿ ಕೂರಿಸಿದರೆ ಬಾಣಕ್ಕೆ ಮೊನೆಯೂ ಆದೀತು, ಮುಳ್ಳೂ ಆದೀತು. ಒಂದು ಮುರಿದರೆ ಇನ್ನೊಂದು. ಕಚ್ಚಿನ ಅಗತ್ಯವನ್ನೇ ಇಲ್ಲವಾಗಿಸಿದ ಜಾಣ್ಮೆ ಇದು. ದಕ್ಷಿಣ ಆಫ್ರಿಕದ ಸಿಬುಡು ಗುಹೆಯಲ್ಲಿಯೂ 60,000 ವರ್ಷಗಳಿಗೂ ಹಿಂದಿನ ಬೆಣಚಿನ ಇಂಥ ತುಣುಕುಗಳು ದೊರೆತಿವೆ. ಅವುಗಳ ಮೇಲಿನ ಅಂಟಿನ ಕಲೆಗಳನ್ನೂ ಪೆಟ್ಟಿನ ಗುರುತುಗಳನ್ನೂ ಸೂಕ್ಷ್ಮದರ್ಶಕದಲ್ಲಿ ಕಂಡವರು ಅವು ಬಾಣದ ಮೊನೆಗಳೆಂದು ಹೇಳಿದ್ದಾರೆ.

ಇದೇ ನಾಡಿನ ಉತ್ತರಕ್ಕೆ, ಚರ್ಟ್ ಕಲ್ಲು ದೊರೆಯುವ ಶೋರಾಪುರದ ಕಡೆಗೆ ಹೋದರೆ ನೀಳವಾದ ಅಲಗುಗಳು ಕಾಣುತ್ತವೆ. ಸಂಗನಕಲ್ಲಿನವರು ಕೊಡಲಿಗೆಂದು ಕಪ್ಪು ಡಾಲರೈಟನ್ನು ಆರಿಸಿ ಉಜ್ಜಿ ನಯಗೊಳಿಸಿದರು. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಧವನ್ನು ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್ ಭೂವಿಜ್ಞಾನಿಯಾಗಿದ್ದುದು ನಮ್ಮ ಪುಣ್ಯ. ಆಯುಧದ ಆಕಾರದ ಜೊತೆಗೆ ಅದು ಯಾವ ಕಲ್ಲಿನದೆಂಬುದನ್ನೂ ಅವರು ಬರೆದಿಟ್ಟರು. ಅದನ್ನು ಮರೆತವರು ಬೆಣಚಿನ ಚೂರುಗಳನ್ನು ಒರಟೆಂದರು. ಅಲ್ಲಿಗೆ ನಿಲ್ಲದೆ, ಅವುಗಳನ್ನು ಮಾಡಿದವರ ಬುದ್ಧಿಯನ್ನೂ ಒರಟೆಂದರು. ಕಲ್ಲಿನ ದೋಷವನ್ನು ಕೈಯ ಮೇಲೆ ಹೊರಿಸಿದ ಈ ತೀರ್ಪು ನನಗೆ ಒಪ್ಪಿಗೆಯಿಲ್ಲ. ಬಿರುಕುಬಿಟ್ಟ ಬೆಣಚಿನಿಂದ ಒಂದೇ ಅಳತೆಯ ಹತ್ತು ಅರ್ಧಚಂದ್ರಗಳನ್ನು ತೆಗೆಯುವುದು ಎಷ್ಟು ಕಷ್ಟವೆಂಬುದನ್ನು ತಿಳಿಯಬೇಕಾದವರು ಒಂದು ಮಧ್ಯಾಹ್ನ ಕುಳಿತು ಪ್ರಯತ್ನಿಸಬಹುದು. ಕಣ್ಣಿಗೆ ಮಾತ್ರ ಕನ್ನಡಕವಿರಲಿ.

ಮುಂದೆ ಬೃಹತ್ ಶಿಲಾ ಸಮಾಧಿಗಳನ್ನು ಕಟ್ಟಿದ ಜನರ ಕೈಗೆ ಕಬ್ಬಿಣ ಬಂತು. ಕಾಯಿಸಿದರೆ ಬಾಗುವ, ಬಡಿದರೆ ನೀಳುವ ವಸ್ತು ಅದು. ದಕ್ಷಿಣದ ಆ ಸಮಾಧಿಗಳಲ್ಲಿ ಸಿಕ್ಕ ಕಬ್ಬಿಣದ ಬಾಣದ ಮೊನೆಗಳಿಗೆ, ಬೆಣಚು ಎಂದೂ ಒಪ್ಪದಿದ್ದ ಉದ್ದನೆಯ ಬಾಲವಿದೆ.